ನಾನು ಕಂಪನಿಯ ನೌಕರನೋ, ಮಾಲೀಕನೋ? ಕೇಂದ್ರ ಹಣಕಾಸು ಸಚಿವರಿಗೆ ಒಂದು ಬಹಿರಂಗ ಪತ್ರ

ಮಾನ್ಯ ಕೇಂದ್ರ ಹಣಕಾಸು ಮತ್ತು ಕಾರ್ಪೊರೇಟ್ ವ್ಯವಹಾರಗಳ ಸಚಿವರಿಗೆ,

ನಮಸ್ಕಾರಗಳು.

ನಾನು ಹುಬ್ಬಳ್ಳಿಯವನು. ಇಲ್ಲಿನ ಗೋಕುಲ ರಸ್ತೆಯ ಕೈಗಾರಿಕಾ ಪ್ರದೇಶದಲ್ಲಿ ವಾಲ್ವ್‌ಗಳ ಬಿಡಿಭಾಗ ತಯಾರಿಸುವ ಒಂದು ಸಣ್ಣ ಪ್ರೈವೇಟ್ ಲಿಮಿಟೆಡ್ ಕಂಪನಿಯ ಮ್ಯಾನೇಜಿಂಗ್ ಡೈರೆಕ್ಟರ್ ಎಂದು ನನ್ನ ಹೆಸರಿನ ಮುಂದೆ ಬರೆಯಲಾಗುತ್ತದೆ. ಕಂಪನಿಯಲ್ಲಿ ಇಬ್ಬರೇ ನಿರ್ದೇಶಕರು: ನಾನು ಮತ್ತು ನನ್ನ ತಮ್ಮ. ಹನ್ನೊಂದು ಮಂದಿ ಕೆಲಸಗಾರರಿದ್ದಾರೆ. ಬೆಳಿಗ್ಗೆ ಎಂಟೂವರೆಗೆ ಶೆಡ್ಡಿನ ಬಾಗಿಲು ತೆಗೆಯುವವನು ನಾನೇ. ಯಾರಾದರೂ ರಜೆ ಹಾಕಿದರೆ ಲೇತ್ ಮುಂದೆ ನಿಲ್ಲುವವನು ತಮ್ಮ. ಈ ಪತ್ರವನ್ನು ಎರಡೂ ಖಾತೆಗಳ ಹೊಣೆ ಹೊತ್ತಿರುವ ತಮಗೆ ಬರೆಯುತ್ತಿರುವುದಕ್ಕೆ ಕಾರಣವಿದೆ. ನಮ್ಮಂಥವರ ಸಂಬಳಕ್ಕೆ ತೆರಿಗೆ ಹಾಕುವ ಕಾನೂನು ಒಂದು ಖಾತೆಯದು, ನಮ್ಮನ್ನು ನಿರ್ದೇಶಕರೆಂದು ಕರೆಯುವ ಕಾನೂನು ಇನ್ನೊಂದು ಖಾತೆಯದು, ಮತ್ತು ಎರಡೂ ಒಂದೇ ಮೇಜಿಗೆ ಬರುತ್ತವೆ. ಕರ್ನಾಟಕದಿಂದ ರಾಜ್ಯಸಭೆಗೆ ಆಯ್ಕೆಯಾದವರು ತಾವು ಎಂಬುದೂ ಕನ್ನಡದಲ್ಲೇ ಬರೆಯಲು ನನಗೆ ಧೈರ್ಯ ಕೊಟ್ಟಿದೆ.

ನನ್ನ ಪ್ರಶ್ನೆ ಇಷ್ಟೇ. ಸ್ವಂತ ಕಂಪನಿಯಲ್ಲಿ ದಿನವಿಡೀ ದುಡಿದು ತಿಂಗಳ ಸಂಬಳ ಪಡೆಯುವ ನಿರ್ದೇಶಕ ಕಾನೂನಿನ ಕಣ್ಣಲ್ಲಿ ನೌಕರನೋ ಅಲ್ಲವೋ? ಈ ಪ್ರಶ್ನೆಗೆ ಇಂದು ಒಂದೊಂದು ಕಚೇರಿಯಲ್ಲಿ ಒಂದೊಂದು ಉತ್ತರ ಸಿಗುತ್ತದೆ. ತೆರಿಗೆ ಕೊಡುವಾಗ ನಾನು ನೌಕರ. ಸಾಲ ಕೇಳಲು ಹೋದರೆ ಸ್ವಂತ ಉದ್ಯೋಗಿ. ಅಪಘಾತವಾದರೆ ಮಾಲೀಕ. ಕಂಪನಿ ತೆರಿಗೆ ಬಾಕಿ ಉಳಿಸಿಕೊಂಡರೆ ಆ ಬಾಕಿಗೆ ಜಾಮೀನುದಾರ.

ಮೊದಲಿಗೆ ತೆರಿಗೆಯ ವಿಷಯವನ್ನೇ ಹೇಳುತ್ತೇನೆ, ಏಕೆಂದರೆ ನನ್ನ ಮನಸ್ಸಿಗೆ ಹೆಚ್ಚು ನೋವಾಗಿದ್ದು ಅಲ್ಲಿಯೇ. 2022-23ರಲ್ಲಿ ನನ್ನ ಸಂಬಳ ತಿಂಗಳಿಗೆ 80 ಸಾವಿರ ಎಂದು ಮಂಡಳಿಯ ಠರಾವಿನಲ್ಲಿ ನಿಗದಿಯಾಗಿತ್ತು. ಆ ವರ್ಷ ನಮ್ಮ ಮುಖ್ಯ ಗಿರಾಕಿಯೊಬ್ಬರು ತಿಂಗಳುಗಟ್ಟಲೆ ಬಿಲ್ ಪಾಸು ಮಾಡಲಿಲ್ಲ. ಕೆಲಸಗಾರರ ಪಗಾರ ಪ್ರತಿ ತಿಂಗಳು 7ನೇ ತಾರೀಖಿಗೆ ಹೋಗಲೇಬೇಕು, ವಿದ್ಯುತ್ ಬಿಲ್ ಕಟ್ಟಲೇಬೇಕು, ಬ್ಯಾಂಕಿನ ಕಂತು ತಪ್ಪುವಂತಿಲ್ಲ. ಉಳಿದದ್ದು ನನ್ನ ಸಂಬಳ. ಐದು ತಿಂಗಳು ಅದನ್ನು ತೆಗೆದುಕೊಳ್ಳಲಿಲ್ಲ. ಲೆಕ್ಕದ ಪುಸ್ತಕದಲ್ಲಿ ಅದು ‘ನಿರ್ದೇಶಕರ ಸಂಬಳ ಬಾಕಿ’ ಎಂಬ ತಲೆಬರಹದಡಿ ತಿಂಗಳಿಗೊಂದು ಸಾಲಿನಂತೆ ಐದು ಸಾಲಾಗಿ ಕುಳಿತಿತು: ಒಟ್ಟು 4 ಲಕ್ಷ ರೂಪಾಯಿ.

ವರ್ಷದ ಕೊನೆಗೆ ಆಡಿಟರ್ ಆ ಪುಟವನ್ನು ನನ್ನ ಕಡೆಗೆ ತಿರುಗಿಸಿ, ಇದಕ್ಕೂ ತೆರಿಗೆ ಕಟ್ಟಬೇಕು ಎಂದರು. ಕೈಗೆ ಬಂದಿಲ್ಲವಲ್ಲ ಎಂದೆ. ಬರಬೇಕಾಗಿತ್ತಲ್ಲ, ಅಷ್ಟು ಸಾಕು ಎಂದರು. ಆಗ ಜಾರಿಯಲ್ಲಿದ್ದ 1961ರ ಆದಾಯ ತೆರಿಗೆ ಕಾಯ್ದೆಯ 15ನೇ ಸೆಕ್ಷನ್ ಪ್ರಕಾರ ಸಂಬಳ ಸಿಕ್ಕಿದ್ದರೂ ಸಿಗದಿದ್ದರೂ, ಅದು ಸಲ್ಲಬೇಕಾದ ವರ್ಷದಲ್ಲೇ ತೆರಿಗೆಗೆ ಒಳಪಡುತ್ತದೆ. ನಾನು ಉಳಿತಾಯದ ವಿನಾಯಿತಿಗಳನ್ನು ಕಳೆಯಲು ಬಿಡುವ ಹಳೆಯ ತೆರಿಗೆ ಪದ್ಧತಿಯಲ್ಲಿದ್ದೆ. ಕೈಗೆ ಬಂದದ್ದು ಏಳು ತಿಂಗಳ 5 ಲಕ್ಷ 60 ಸಾವಿರ. ಅದರಲ್ಲಿ 50 ಸಾವಿರದ ಸ್ಟ್ಯಾಂಡರ್ಡ್ ಡಿಡಕ್ಷನ್ ಮತ್ತು ಒಂದೂವರೆ ಲಕ್ಷದ ಉಳಿತಾಯದ ವಿನಾಯಿತಿ ಕಳೆದರೆ ಆದಾಯ 5 ಲಕ್ಷದ ಒಳಗೇ ಇರುತ್ತಿತ್ತು, ತೆರಿಗೆ ಸೊನ್ನೆ. ಬಾರದ 4 ಲಕ್ಷವನ್ನು ಸೇರಿಸಿದ್ದರಿಂದ ಸೆಸ್ ಸಹಿತ ಸುಮಾರು 67 ಸಾವಿರ ರೂಪಾಯಿ ತೆರಿಗೆ ಬಂತು. ಅಂದರೆ ನಾನು ಕಟ್ಟಿದ ಪ್ರತಿ ರೂಪಾಯಿಯೂ ನನ್ನ ಕೈ ಸೇರದ ಹಣದ ಮೇಲಿನದು. ಮನೆಯಾಕೆಯ ಬಳೆಗಳನ್ನು ಒತ್ತೆ ಇಟ್ಟು ಕಟ್ಟಿದೆವು. ತೆರಿಗೆ ಕಟ್ಟಬೇಕಾದ್ದಕ್ಕೆ ನನ್ನ ತಕರಾರಿಲ್ಲ, ಕಟ್ಟಬೇಕಾದ ಹೊತ್ತಿನ ಬಗ್ಗೆ ಮಾತ್ರ ಇದೆ. ಆ ಬಾಕಿ ಮುಂದಿನ ವರ್ಷ ಸಿಕ್ಕಾಗ ಮತ್ತೆ ತೆರಿಗೆ ಇಲ್ಲವೆಂಬುದು ನನಗೆ ಗೊತ್ತು; ಆದರೆ ಹಣವೇ ಇಲ್ಲದ ವರ್ಷದಲ್ಲಿ ತೆರಿಗೆ ಎಲ್ಲಿಂದ ತರಬೇಕು?

ಸಂಬಳವೇ ಬೇಡ ಎಂದು ಬರೆದುಕೊಡಬಹುದಿತ್ತಲ್ಲ ಎಂದು ಹಲವರು ಕೇಳಿದರು. ತಿಂಗಳು ಮುಗಿಯುವ ಮೊದಲೇ ಠರಾವು ಮಾಡಿ ಸಂಬಳ ಇಳಿಸಿಕೊಂಡಿದ್ದರೆ ಆ ಮಾತು ಬೇರೆ. ಒಮ್ಮೆ ಸಲ್ಲಬೇಕಾದದ್ದು ಎಂದಾದ ಮೇಲೆ ಬಿಟ್ಟುಕೊಟ್ಟರೂ ತೆರಿಗೆ ತಪ್ಪುವುದಿಲ್ಲ. 1961ರದೇ ಮತ್ತೊಂದು ಕಾಯ್ದೆಯಡಿ ಕೇಂದ್ರ ಸರ್ಕಾರಕ್ಕೇ ಸಂಬಳವನ್ನು ಬಿಟ್ಟುಕೊಟ್ಟವರಿಗೆ ಮಾತ್ರ ಆ ವಿನಾಯಿತಿ. ಬಿಲ್ ನಾಳೆ ಬರುತ್ತದೆ, ನಾಡಿದ್ದು ಬರುತ್ತದೆ ಎಂದು ಕಾಯುವವನು ತಿಂಗಳ ಮೊದಲ ದಿನವೇ ಠರಾವು ಬರೆಯಲು ಹೋಗುವುದಿಲ್ಲ. ಬರೆದರೆ ಆ ಸಂಬಳದ ಆಸೆಯನ್ನೇ ಬಿಟ್ಟಂತೆ.

ಇದಕ್ಕೆ ಪರಿಹಾರ ತಮ್ಮ ಸರ್ಕಾರವೇ ರೂಪಿಸಿದ ನಿಯಮದಲ್ಲಿದೆ. ಸಣ್ಣ ಉದ್ಯಮಗಳಿಂದ ಸರಕು ಕೊಂಡವರು ಗರಿಷ್ಠ 45 ದಿನಗಳಲ್ಲಿ ಹಣ ಕೊಡಬೇಕು, ತಡಮಾಡಿದರೆ ನಿಜವಾಗಿ ಕೊಟ್ಟ ವರ್ಷದಲ್ಲಿ ಮಾತ್ರ ಅದನ್ನು ಖರ್ಚೆಂದು ತೋರಿಸಬಹುದು ಎಂಬ ನಿಯಮವನ್ನು 43ಬಿ ಸೆಕ್ಷನ್ನಿಗೆ ಸೇರಿಸಿ 2023-24ರ ಲೆಕ್ಕದಿಂದ ಜಾರಿಗೆ ತರಲಾಯಿತು. ಹಣ ಕೈ ಬದಲಾದ ದಿನವೇ ಮುಖ್ಯ ಎಂಬ ತತ್ವವನ್ನು ಕಾನೂನು ಅಲ್ಲಿ ಒಪ್ಪಿಕೊಂಡಿದೆ. ಅದೇ ತತ್ವವನ್ನು ಸಣ್ಣ ಕಂಪನಿಯ ನಿರ್ದೇಶಕರ ಸಂಬಳಕ್ಕೂ ಅನ್ವಯಿಸಿ ಎಂಬುದು ನನ್ನ ವಿನಂತಿ: ಕಂಪನಿ ನಿಜವಾಗಿ ಕೊಟ್ಟಾಗ ಮಾತ್ರ ಅದಕ್ಕೆ ಖರ್ಚಿನ ಕಡಿತ ಸಿಗಲಿ, ನನ್ನ ಕೈಗೆ ಬಂದಾಗ ಮಾತ್ರ ನನಗೆ ತೆರಿಗೆ ಬೀಳಲಿ. ಎರಡೂ ಕಡೆ ಒಟ್ಟಿಗೆ ಮುಂದೆ ಹೋದರೆ ಬೊಕ್ಕಸಕ್ಕೆ ದೊಡ್ಡ ನಷ್ಟವೇನೂ ಆಗದು. ಹಾಗೆ ಮಾಡದೆ, ಕಂಪನಿಗೆ ಈ ವರ್ಷವೇ ಕಡಿತ ಕೊಟ್ಟು ನನಗೆ ಮಾತ್ರ ಮುಂದಿನ ವರ್ಷ ತೆರಿಗೆ ಎಂದರೆ ಅದರ ದುರ್ಬಳಕೆ ಆಗುತ್ತದೆ. ಅದನ್ನು ನಾನು ಕೇಳುತ್ತಿಲ್ಲ.

ನಿರ್ದೇಶಕನ ಆದಾಯವನ್ನು ಸಂಬಳವೆಂದು ಕರೆಯುವುದೇ ತಪ್ಪಿರಬಹುದೇ ಎಂದೂ ಯೋಚಿಸಿದ್ದೇನೆ. ಇಲ್ಲ. 1972ರಲ್ಲೇ ಸುಪ್ರೀಂ ಕೋರ್ಟ್ ಇದನ್ನು ತೀರ್ಮಾನಿಸಿದೆ. ಮ್ಯಾನೇಜಿಂಗ್ ಡೈರೆಕ್ಟರ್ ಕಂಪನಿಯ ನಿಯಮಾವಳಿಗೂ ಒಪ್ಪಂದಕ್ಕೂ ಬದ್ಧನಾಗಿ ಮಂಡಳಿಯ ಹತೋಟಿಯಲ್ಲಿ ಕೆಲಸ ಮಾಡುವವನಾದರೆ ಅವನಿಗೆ ಸಿಗುವುದು ಸಂಬಳವೇ ಎಂಬುದು ಆ ತೀರ್ಪಿನ ಸಾರ. 2013ರ ಕಂಪನಿ ಕಾಯ್ದೆ ಕೂಡ ಪೂರ್ಣಾವಧಿ ನಿರ್ದೇಶಕ ಎಂಬ ಪದದೊಳಗೆ ಕಂಪನಿಯ ಪೂರ್ಣಾವಧಿ ಉದ್ಯೋಗದಲ್ಲಿರುವ ನಿರ್ದೇಶಕನನ್ನು ಸೇರಿಸುತ್ತದೆ. ಉದ್ಯೋಗ ಎಂಬ ಮಾತು ಕಾಯ್ದೆಯಲ್ಲೇ ಇದೆ.

ಜಿಎಸ್‌ಟಿ ಬಂದ ಮೇಲೆ ಈ ಮಾತೂ ಅಲುಗಾಡಿತು. ನಿರ್ದೇಶಕ ಕಂಪನಿಗೆ ಒದಗಿಸುವ ಸೇವೆಗೆ ಕಂಪನಿಯೇ ತೆರಿಗೆ ಕಟ್ಟಬೇಕೆಂಬ ರಿವರ್ಸ್ ಚಾರ್ಜ್ ನಿಯಮ 2017ರಲ್ಲೇ ಬಂದಿತ್ತು. ಹಾಗಾದರೆ ತಿಂಗಳ ಸಂಬಳವೂ ಸೇವೆಯ ಬೆಲೆಯೇ? ಜಿಎಸ್‌ಟಿ ಬೀಳುತ್ತದೆಯೇ ಎಂದು ಮೊದಲೇ ಕೇಳಿದವರಿಗೆ ಉತ್ತರ ಹೇಳುವ, ನಮ್ಮದೇ ಕರ್ನಾಟಕದ ಮುಂಗಡ ತೀರ್ಪು ಪ್ರಾಧಿಕಾರ 2019ರ ಸೆಪ್ಟೆಂಬರ್‌ನಲ್ಲಿ ಹೌದು ಎಂದಿತು. ರಾಜಸ್ಥಾನದ ಪ್ರಾಧಿಕಾರವೂ 2020ರಲ್ಲಿ ಹೌದು ಎಂದಿತು. ಅದರ ಬೆನ್ನಲ್ಲೇ, 2020ರ ಮೇ ತಿಂಗಳಲ್ಲಿ, ಕರ್ನಾಟಕದ ಅದೇ ಪ್ರಾಧಿಕಾರ ಬೇರೊಂದು ಅರ್ಜಿಯಲ್ಲಿ ನೌಕರನಾಗಿ ದುಡಿಯುವ ನಿರ್ದೇಶಕನ ಸಂಬಳಕ್ಕೆ ಜಿಎಸ್‌ಟಿ ಇಲ್ಲ ಎಂದಿತು. ಶೆಡ್ಡಿನ ಬಾಗಿಲು ಲಾಕ್‌ಡೌನಿನಲ್ಲಿ ಮುಚ್ಚಿದ್ದ ದಿನಗಳವು. ಇಲ್ಲದ ವ್ಯಾಪಾರದ ನಡುವೆ ಸಂಬಳದ ಮೇಲೂ ಶೇ 18 ಕಟ್ಟಬೇಕಾದೀತೇ ಎಂದು ನಾವು ಚಿಂತಿಸುತ್ತ ಕುಳಿತಿದ್ದೆವು. ಅದನ್ನು ನಗದಾಗಿಯೇ ಕಟ್ಟಬೇಕು, ಬೇರೆ ಜಿಎಸ್‌ಟಿಯಲ್ಲಿ ಅದನ್ನು ಕಳೆದುಕೊಳ್ಳುವ ಕ್ರೆಡಿಟ್ ಸಿಗುವುದು ಆಮೇಲೆ.

2020ರ ಜೂನ್ 10ರಂದು ಕೇಂದ್ರ ಪರೋಕ್ಷ ತೆರಿಗೆ ಮಂಡಳಿ ಹೊರಡಿಸಿದ 140ನೇ ಸುತ್ತೋಲೆ ಆ ಚಿಂತೆಯನ್ನು ಕಳೆಯಿತು. ಅದಕ್ಕಾಗಿ ತಮ್ಮ ಸಚಿವಾಲಯಕ್ಕೆ ಇಂದಿಗೂ ಕೃತಜ್ಞನಾಗಿದ್ದೇನೆ. ನಿರ್ದೇಶಕನಿಗೆ ಕೊಟ್ಟ ಹಣವನ್ನು ಕಂಪನಿ ತನ್ನ ಲೆಕ್ಕದಲ್ಲಿ ಸಂಬಳವೆಂದು ತೋರಿಸಿ ಆದಾಯ ತೆರಿಗೆ ಕಾಯ್ದೆಯ 192ನೇ ಸೆಕ್ಷನ್ನಿನಡಿ ಟಿಡಿಎಸ್ (ಹಣ ಕೊಡುವಾಗಲೇ ಹಿಡಿದುಕೊಳ್ಳುವ ತೆರಿಗೆ) ಕಡಿದಿದ್ದರೆ ಅದು ನೌಕರನ ದುಡಿಮೆ, ಅದಕ್ಕೆ ಜಿಎಸ್‌ಟಿ ಇಲ್ಲ. ಶುಲ್ಕವೆಂದು ತೋರಿಸಿ 194ಜೆ ಅಡಿ ಕಡಿದಿದ್ದರೆ ಅದು ಸೇವೆ, ಅದಕ್ಕೆ ಜಿಎಸ್‌ಟಿ ಉಂಟು. ಎರಡು ಇಲಾಖೆಗಳ ನಡುವೆ ನಿರ್ದೇಶಕನನ್ನು ಅತ್ತಿತ್ತ ಎಳೆದಾಡದೆ, ಒಂದು ಇಲಾಖೆ ಒಪ್ಪಿದ್ದನ್ನು ಇನ್ನೊಂದೂ ಒಪ್ಪಲಿ ಎಂದ ವಿವೇಕ ಅದು. ಈಗ 2026ರ ಏಪ್ರಿಲ್ 1ರಿಂದ ಆದಾಯ ತೆರಿಗೆ ಕಾಯ್ದೆ 2025 ಬಂದು ಟಿಡಿಎಸ್‌ನ ಆ ಸೆಕ್ಷನ್ನುಗಳು 392 ಮತ್ತು 393 ಆಗಿವೆ. ಸುತ್ತೋಲೆ ಹಳೆಯ ಅಂಕಿಗಳಲ್ಲೇ ಮಾತನಾಡುತ್ತಿದೆ. ಅದನ್ನು ಹೊಸ ಕಾಯ್ದೆಗೆ ಹೊಂದಿಸಿ ಮತ್ತೊಮ್ಮೆ ಹೊರಡಿಸುವಾಗ, ಅದರ ವಿವೇಕವನ್ನು ಉಳಿದ ಕಾನೂನುಗಳಿಗೂ ವಿಸ್ತರಿಸಿ ಎಂದು ಕೇಳುವುದೇ ಈ ಪತ್ರದ ಮುಖ್ಯ ಉದ್ದೇಶ.

ಉಳಿದ ಕಾನೂನುಗಳಲ್ಲಿ ಏನಾಗುತ್ತದೆ ಎಂಬುದನ್ನು ನನ್ನ ತಮ್ಮನ ಕೈಗಾದ ಪೆಟ್ಟಿನಿಂದಲೇ ಶುರು ಮಾಡಿ ಹೇಳಬೇಕು. 2018ರಲ್ಲಿ ಅವನ ಸಂಬಳ ತಿಂಗಳಿಗೆ 18 ಸಾವಿರ. ಇಎಸ್‌ಐ (ನೌಕರರ ರಾಜ್ಯ ವಿಮೆ) ವೇತನ ಮಿತಿ ಆಗಲೇ 21 ಸಾವಿರವಾಗಿತ್ತು, ನಮ್ಮ ಕೆಲಸಗಾರರಿಗೆಲ್ಲ ಇಎಸ್‌ಐ ಕಾರ್ಡ್ ಇತ್ತು. ಒಂದು ಸಂಜೆ ಡ್ರಿಲ್ಲಿಂಗ್ ಮಷೀನಿನಲ್ಲಿ ಅವನ ಎಡಗೈ ಹೆಬ್ಬೆರಳು ಸಿಕ್ಕಿಕೊಂಡಿತು. ಪಕ್ಕದ ಮಷೀನಿನ ಹುಡುಗ ಸ್ವಿಚ್ ಆರಿಸಿ, ತನ್ನ ಅಂಗಿಯನ್ನೇ ಸುತ್ತಿ, ಆಟೋ ಕರೆದು ಕೂರಿಸಿದ. ಆಸ್ಪತ್ರೆಯ ಮೇಜಿನಲ್ಲಿ ಕಾರ್ಡ್ ಕೇಳಿದರು. ಜತೆಗೆ ಹೋಗಿದ್ದ ಆ ಹುಡುಗನ ಜೇಬಿನಲ್ಲಿ ಕಾರ್ಡ್ ಇತ್ತು, ಬೆರಳು ಕಳೆದುಕೊಂಡವನ ಬಳಿ ಇರಲಿಲ್ಲ. ಅವನನ್ನು ನೋಂದಾಯಿಸಬೇಕೇ ಎಂದು ನಾವು ಮೊದಲೇ ವಿಚಾರಿಸಿದ್ದೆವು. ಡೈರೆಕ್ಟರ್ ಅಂದರೆ ಮಾಲೀಕರು, ಅವರಿಗೆ ಬರೋದಿಲ್ಲ ಎಂದು ನಮ್ಮ ಕೆಲಸ ನೋಡುತ್ತಿದ್ದ ಸಲಹೆಗಾರರು ಹೇಳಿದ್ದರು. ಖರ್ಚೆಲ್ಲ ಕೈಯಿಂದಲೇ ಆಯಿತು. ಆ ಬೆರಳು ಇಂದಿಗೂ ಅರ್ಧವೇ ಇದೆ.

ಎಷ್ಟೋ ದಿನಗಳ ನಂತರ ನನಗೆ ತಿಳಿದದ್ದೇನೆಂದರೆ, ಆ ಸಲಹೆಯೇ ತಪ್ಪು. ಸಂಬಳ ಪಡೆಯುವ ಮ್ಯಾನೇಜಿಂಗ್ ಡೈರೆಕ್ಟರ್ ಕೂಡ ಇಎಸ್‌ಐ ಕಾಯ್ದೆಯ ಅರ್ಥದಲ್ಲಿ ನೌಕರನೇ, ಒಬ್ಬನೇ ವ್ಯಕ್ತಿಗೆ ಎರಡು ಸ್ಥಾನ ಇರಬಹುದು ಎಂದು ಸುಪ್ರೀಂ ಕೋರ್ಟ್ 1997ರಲ್ಲೇ ಹೇಳಿತ್ತು. ಆ ಪ್ರಕರಣದಲ್ಲಿ ಡೈರೆಕ್ಟರ್ ನೌಕರನೇ ಎಂದು ವಾದಿಸಿದ್ದು ಇಎಸ್‌ಐ ನಿಗಮವೇ. ತಲೆ ಎಣಿಕೆಯಲ್ಲಿ ಅವನನ್ನೂ ಸೇರಿಸಿದರೆ ಮಾತ್ರ ಆ ಕಾರ್ಖಾನೆ ಕಾಯ್ದೆಯ ವ್ಯಾಪ್ತಿಗೆ ಬರುತ್ತಿತ್ತು. ಎಣಿಕೆಗೆ ಲೆಕ್ಕವಾಗುವವನು ಚಿಕಿತ್ಸೆಗೂ ಲೆಕ್ಕವಾಗಬೇಕಲ್ಲವೇ? ತೀರ್ಪು ಬಂದು ಎರಡು ದಶಕ ಕಳೆದಿದ್ದರೂ ನಮ್ಮಂಥ ಊರಿನಲ್ಲಿ ಅದನ್ನು ಬಲ್ಲವರು ಸಿಗಲಿಲ್ಲ. ಕಾಯ್ದೆಯ ಪುಟದಲ್ಲಿ ಒಂದು ಸಾಲಾಗಿ ಅದು ಇದ್ದಿದ್ದರೆ ಸಲಹೆಗಾರರು ಖಂಡಿತ ಓದಿರುತ್ತಿದ್ದರು. ತೀರ್ಪುಗಳ ಸಂಪುಟದಲ್ಲಿ ಹುದುಗಿರುವ ಹಕ್ಕು ಸಣ್ಣವರ ಪಾಲಿಗೆ ಇಲ್ಲದ ಹಕ್ಕೇ ಆಗಿಬಿಡುತ್ತದೆ.

ಕಾನೂನು ಓದುವ ಮಕ್ಕಳು ಇಂದಿಗೂ ಕಲಿಯುವ ಹಳೆಯ ಪ್ರಕರಣವೊಂದು ಇಲ್ಲಿ ನೆನಪಾಗುತ್ತದೆ. ನ್ಯೂಜಿಲೆಂಡಿನಲ್ಲಿ ವಿಮಾನದಿಂದ ಹೊಲಗಳಿಗೆ ಗೊಬ್ಬರ ಚೆಲ್ಲುವ ಕಂಪನಿಯೊಂದರ 3,000 ಷೇರುಗಳಲ್ಲಿ 2,999 ಲೀ ಎಂಬೊಬ್ಬರವು. ಕಂಪನಿಯನ್ನು ನಡೆಸುತ್ತಿದ್ದವರೂ ಅವರೇ, ಸಂಬಳದ ಪೈಲಟ್ ಕೂಡ ಅವರೇ. 1956ರಲ್ಲಿ ಕೆಲಸದ ನಡುವೆ ವಿಮಾನ ಬಿದ್ದು ಅವರು ತೀರಿಕೊಂಡರು. ತನಗೆ ತಾನೇ ಅಪ್ಪಣೆ ಕೊಡುವವನು ಕೆಲಸಗಾರ ಹೇಗಾದಾನು ಎಂದು ಅಲ್ಲಿನ ನ್ಯಾಯಾಲಯ ಹೆಂಡತಿಗೆ ಪರಿಹಾರ ನಿರಾಕರಿಸಿತು. ಆಗ ನ್ಯೂಜಿಲೆಂಡಿನ ಮೇಲ್ಮನವಿಗಳಿಗೆ ಕೊನೆಯ ನ್ಯಾಯಾಲಯವಾಗಿದ್ದ ಲಂಡನ್ನಿನ ಪ್ರಿವಿ ಕೌನ್ಸಿಲ್ 1960ರಲ್ಲಿ ಅದನ್ನು ತಿದ್ದಿತು: ಕಂಪನಿ ಬೇರೆ, ಮನುಷ್ಯ ಬೇರೆ, ಕಂಪನಿ ಅವನನ್ನು ನೌಕರಿಗೆ ಇಟ್ಟುಕೊಳ್ಳಬಹುದು, ಆ ಹೆಂಡತಿಗೆ ಪರಿಹಾರ ಸಲ್ಲುತ್ತದೆ. ನನ್ನ ತಮ್ಮನ ಬೆರಳಿಗೂ ನ್ಯಾಯ ಹೇಳಬಲ್ಲ ಮಾತು ಇದು.

ಮಾಲೀಕನಾಗಿ ನನ್ನ ಹೊಣೆಯೇನು ಎಂಬುದನ್ನು ಮರೆತು ಇದನ್ನೆಲ್ಲ ಬರೆಯುತ್ತಿಲ್ಲ. ಕಂಪನಿಯ ಕಾರ್ಖಾನೆಗೆ ನಿರ್ದೇಶಕರಲ್ಲೊಬ್ಬನೇ ‘ಆಕ್ಯುಪೈಯರ್’ (ಕಾರ್ಖಾನೆಯ ಅಂತಿಮ ಹತೋಟಿ, ಹೊಣೆ ಇರುವವನು) ಎಂದು 1948ರ ಕಾರ್ಖಾನೆಗಳ ಕಾಯ್ದೆ ಹೇಳಿತು. ಅದರ ಜಾಗಕ್ಕೆ 2025ರ ನವೆಂಬರ್‌ನಲ್ಲಿ ಜಾರಿಯಾದ ಹೊಸ ಕಾರ್ಮಿಕ ಸುರಕ್ಷತಾ ಸಂಹಿತೆಯೂ ಆ ಹೊಣೆಯನ್ನು ನಿರ್ದೇಶಕನ ಮೇಲೆಯೇ ಇರಿಸಿದೆ. ಕೆಲಸಗಾರರ ಸುರಕ್ಷತೆಗೆ ನಾನು ಉತ್ತರ ಹೇಳಬೇಕು, ಹೇಳುತ್ತೇನೆ. ಆದರೆ ತೆರಿಗೆ ಬಾಕಿಯ ವಿಷಯದಲ್ಲಿ ಹೊಣೆಯ ತೂಕ ನ್ಯಾಯವನ್ನು ಮೀರಿದೆ ಎಂದು ನನಗೆ ಅನ್ನಿಸುತ್ತದೆ. 2026ರ ಮಾರ್ಚ್‌ವರೆಗೆ ಜಾರಿಯಲ್ಲಿದ್ದ 1961ರ ಆದಾಯ ತೆರಿಗೆ ಕಾಯ್ದೆಯ 179ನೇ ಸೆಕ್ಷನ್ ಪ್ರಕಾರ ಪ್ರೈವೇಟ್ ಕಂಪನಿಯ ಆದಾಯ ತೆರಿಗೆ ಬಾಕಿ ಕಂಪನಿಯಿಂದ ವಸೂಲಾಗದಿದ್ದರೆ ಆಗಿನ ಪ್ರತಿ ನಿರ್ದೇಶಕನೂ ಸ್ವಂತವಾಗಿ ಹೊಣೆ. ಅದು ತನ್ನ ಘೋರ ನಿರ್ಲಕ್ಷ್ಯದಿಂದಾಗಲಿ ಕರ್ತವ್ಯಲೋಪದಿಂದಾಗಲಿ ಆದದ್ದಲ್ಲ ಎಂದು ಅವನೇ ಸಾಬೀತು ಮಾಡಬೇಕು. ಪಬ್ಲಿಕ್ ಕಂಪನಿಯ ನಿರ್ದೇಶಕರಿಗೆ ಈ ಹೊರೆ ಸಾಮಾನ್ಯವಾಗಿ ಇಲ್ಲ. ವಂಚಕರಿದ್ದಾರೆ, ಕಂಪನಿಯನ್ನು ಟೊಳ್ಳು ಮಾಡಿ ಕೈ ತೊಳೆದುಕೊಳ್ಳುವವರಿದ್ದಾರೆ, ಅವರನ್ನು ಹಿಡಿಯಲೇಬೇಕು. ಆದರೆ ನಿಯತ್ತಿನಿಂದ ಲೆಕ್ಕ ಸಲ್ಲಿಸಿ ವ್ಯಾಪಾರದಲ್ಲಿ ಸೋತವನ ವಿಷಯದಲ್ಲಾದರೂ ನಿರ್ಲಕ್ಷ್ಯವಿತ್ತೆಂದು ತೋರಿಸುವ ಭಾರ ಇಲಾಖೆಯ ಮೇಲಿರಲಿ.

ಬ್ಯಾಂಕಿನ ಮಾತು ಬೇಗ ಮುಗಿಸುತ್ತೇನೆ. ಮನೆ ಕಟ್ಟಲು ಸಾಲ ಕೇಳಲು ಹೋದಾಗ ನನ್ನ ಮೂರು ವರ್ಷದ ಫಾರ್ಮ್ 16ಗಳನ್ನು (ಸಂಬಳ ಮತ್ತು ಅದರಿಂದ ಕಡಿದ ತೆರಿಗೆಯ ಪ್ರಮಾಣಪತ್ರ) ಮೇಜಿನ ಮೇಲಿಟ್ಟೆ. ಅಧಿಕಾರಿ ಮೊದಲ ಪುಟದಲ್ಲಿ ಕಂಪನಿಯ ಹೆಸರು ಓದಿ, ಇದು ನಿಮ್ಮದೇ ಕಂಪನಿಯಲ್ಲವೇ ಎಂದು ಕೇಳಿ, ಉಳಿದ ಪುಟ ತೆರೆಯದೆ ಹಿಂದಕ್ಕೆ ಸರಿಸಿದರು. ನನ್ನನ್ನು ಸ್ವಂತ ಉದ್ಯೋಗಿಗಳ ಸಾಲಿಗೆ ಸೇರಿಸಿ ಕಂಪನಿಯ ಬ್ಯಾಲೆನ್ಸ್ ಶೀಟ್ ತರಲು ಹೇಳಿದರು. ಕಂಪನಿಯ ಸಾಲಕ್ಕೆ ಈಗಾಗಲೇ ನನ್ನ ಸ್ವಂತ ಜಾಮೀನು ಬ್ಯಾಂಕಿನಲ್ಲಿದೆ. ಬ್ಯಾಂಕು ಎಚ್ಚರದಿಂದಿರುವುದು ತಪ್ಪಲ್ಲ. ಆದರೆ ಸರ್ಕಾರ ತೆರಿಗೆ ಪಡೆದು ಸಂಬಳವೆಂದು ಮುದ್ರೆ ಒತ್ತಿದ ಕಾಗದಕ್ಕೆ ಯಾವ ಬೆಲೆಯೂ ಇಲ್ಲವೆಂದರೆ ಆ ಮುದ್ರೆಯ ಅರ್ಥವೇನು? ರಿಟರ್ನ್ ತುಂಬುವಾಗಲೂ ಇದೇ ಕಥೆ. ಅಷ್ಟೇ ಸಂಬಳದ ಬೇರೆಯವರು ಸಹಜ್ ಎಂಬ ಸರಳ ನಮೂನೆಯಲ್ಲಿ ಅರ್ಧ ಗಂಟೆಯಲ್ಲಿ ಮುಗಿಸುತ್ತಾರೆ, ನಿರ್ದೇಶಕನಿಗೆ ಆ ನಮೂನೆ ಇಲ್ಲ.

ಹಾಗಾದರೆ ಕಂಪನಿ ಏಕೆ, ಪಾಲುದಾರಿಕೆ ಸಂಸ್ಥೆ ಸಾಕಿತ್ತಲ್ಲ ಎಂದು ಕೇಳಬಹುದು. ನಮ್ಮ ತಂದೆ ಪಾಲುದಾರಿಕೆಯಲ್ಲೇ ಶುರು ಮಾಡಿದರು. ದೊಡ್ಡ ಗಿರಾಕಿಗಳು ಕಂಪನಿಯಾದರೆ ಮಾತ್ರ ಆರ್ಡರ್ ಕೊಡುತ್ತೇವೆ ಎಂದದ್ದರಿಂದ, ಮತ್ತು ಲೆಕ್ಕಪತ್ರ ಬಿಳಿಯಾಗಿರಲಿ ಎಂದು ನಾವೇ ಬಯಸಿದ್ದರಿಂದ ಕಂಪನಿ ಮಾಡಿದೆವು. ಔಪಚಾರಿಕ ವ್ಯವಸ್ಥೆಯೊಳಗೆ ಬನ್ನಿ ಎಂದು ಸರ್ಕಾರವೂ ಕರೆಯುತ್ತಲೇ ಇತ್ತು. ಲಾಭವನ್ನು ಡಿವಿಡೆಂಡ್ ಆಗಿ ತೆಗೆದುಕೊಳ್ಳಿ ಎನ್ನುವವರಿಗೆ ಹೇಳುತ್ತೇನೆ: ಕಂಪನಿ ರಿಯಾಯಿತಿ ದರದಲ್ಲಿದ್ದರೂ ಸರ್‌ಚಾರ್ಜ್, ಸೆಸ್ ಸೇರಿ ಶೇ 25.17ರಷ್ಟು ಕಟ್ಟಿ ಉಳಿದದ್ದರಲ್ಲಿ ಡಿವಿಡೆಂಡ್. 2020ರ ಏಪ್ರಿಲ್‌ನಿಂದ ಅದಕ್ಕೆ ನಮ್ಮ ಕೈಯಲ್ಲೂ ತೆರಿಗೆ. ದುಡಿದದ್ದಕ್ಕೆ ಸಂಬಳವೇ ಸರಿಯಾದ ಹೆಸರು. ದುಡಿಯದ ಬಂಧುಗಳ ಹೆಸರಿಗೆ ಸಂಬಳ ಬರೆಯುವವರನ್ನು ತಡೆಯಲು 40ಎ(2) ಸೆಕ್ಷನ್ ಇದ್ದೇ ಇತ್ತು, ಅಂಥ ತಡೆ ಮುಂದೆಯೂ ಇರಬೇಕು.

ಮಾನ್ಯ ಸಚಿವರೇ, ನನ್ನ ಬೇಡಿಕೆ ಒಂದೇ ವ್ಯಾಖ್ಯೆ. ಲಿಖಿತ ನೇಮಕಾತಿ ಇದ್ದು, ಪೂರ್ಣಾವಧಿ ದುಡಿದು, ಸಂಬಳದ ಟಿಡಿಎಸ್‌ಗೆ ಒಳಪಟ್ಟ ನಿರ್ದೇಶಕನು, ಅವನ ಬಳಿ ಎಷ್ಟೇ ಷೇರುಗಳಿದ್ದರೂ, ಆ ದುಡಿಮೆಯ ಮಟ್ಟಿಗೆ ನೌಕರನೆಂದು ಆದಾಯ ತೆರಿಗೆ, ಜಿಎಸ್‌ಟಿ, ಭವಿಷ್ಯ ನಿಧಿ, ಇಎಸ್‌ಐ ಮತ್ತು ಅಪಘಾತ ಪರಿಹಾರ ಎಲ್ಲದರಲ್ಲೂ ಒಂದೇ ಮಾತಿನಲ್ಲಿ ಬರೆಯಲಿ. ಕಾರ್ಮಿಕ ಸಚಿವಾಲಯ ಬೇರೆಯದು ಎಂಬುದು ಗೊತ್ತು. ಸಾಮಾಜಿಕ ಭದ್ರತಾ ಸಂಹಿತೆಯ ನಿಯಮಗಳಲ್ಲಿ ಇದನ್ನು ಸೇರಿಸುವಂತೆ ತಾವು ಬರೆದರೆ ಅದಕ್ಕೆ ತೂಕವಿರುತ್ತದೆ. ಸಣ್ಣ ಕಂಪನಿ ಯಾವುದೆಂದು ಹೊಸದಾಗಿ ಹುಡುಕಬೇಕಾಗಿಯೂ ಇಲ್ಲ. ಪಾವತಿಯಾದ ಬಂಡವಾಳ 10 ಕೋಟಿ, ವಹಿವಾಟು 100 ಕೋಟಿ ಎಂಬ ಮಿತಿಯನ್ನು ತಮ್ಮ ಕಾರ್ಪೊರೇಟ್ ವ್ಯವಹಾರಗಳ ಸಚಿವಾಲಯವೇ 2025ರ ಡಿಸೆಂಬರ್‌ನಲ್ಲಿ ನಿಗದಿ ಮಾಡಿದೆ. ಸಂಬಳ ಕೈಗೆ ಬಂದಾಗ ತೆರಿಗೆ ಎಂಬ ಸವಲತ್ತಿಗೆ ಅಷ್ಟು ದೊಡ್ಡ ಮಿತಿಯೂ ಬೇಡ. ಅದರ ಹತ್ತನೇ ಒಂದು ಭಾಗಕ್ಕೆ ಸೀಮಿತಗೊಳಿಸಿದರೂ ನಮ್ಮ ರಸ್ತೆಯ ಎಷ್ಟೋ ಶೆಡ್ಡುಗಳು ಅದರೊಳಗೆ ಬರುತ್ತವೆ.

ಮುಂದಿನ ಬಜೆಟ್ಟಿಗೆ ಮುನ್ನ ಸಲಹೆ ಕೇಳುವ ಸಭೆಗಳಲ್ಲಿ ಒಂದನ್ನಾದರೂ ಹುಬ್ಬಳ್ಳಿ, ಬೆಳಗಾವಿ, ಶಿವಮೊಗ್ಗಗಳಂಥ ಊರಿನ ಸಣ್ಣ ಕಂಪನಿಗಳ ನಿರ್ದೇಶಕರ ಜತೆ ನಡೆಸಿ ಎಂದು ಕೋರುತ್ತೇನೆ. ಕರೆದರೆ ನಾನು ಬರುತ್ತೇನೆ, ಆ ಐದು ಸಾಲುಗಳ ಲೆಕ್ಕದ ಪುಟವನ್ನೂ ತರುತ್ತೇನೆ. ತಮ್ಮನೂ ಬರುತ್ತಾನೆ.

ಗೌರವಪೂರ್ವಕವಾಗಿ,

ಸಣ್ಣ ಕಂಪನಿಯೊಂದರ ನಿರ್ದೇಶಕ
ಹುಬ್ಬಳ್ಳಿ